ನಾನು ಯಾವ ಆಯಿ?

ಮೊನ್ನೆ ನಮ್ಮ ಬೆಳಗಾವಿಯ ಶಹಾಪುರದಲ್ಲಿ ಕಾಯಿಪಲ್ಲೆ ಮಾರುವ ಹುಡುಗನೊಬ್ಬ "ಆಯೀ, ಕೊತ್ತಂಬರಿ ಬೇಕೇನ್ರಿ?" ಅಂದ. ನನಗೆ 48. ಮಗಳಿಗಿನ್ನೂ ಮದುವೆಯಾಗಿಲ್ಲ, ಮೊಮ್ಮಕ್ಕಳ ಮಾತೆಲ್ಲಿ?

ನನ್ನ ತವರು ವಿಜಯಪುರದ ಸಿಂದಗಿ ಕಡೆ. ಅಲ್ಲಿ ಆಯಿ ಅಂದರೆ ಅಜ್ಜಿ. ಮರಾಠಿಯಲ್ಲಾದರೆ ತಾಯಿ. ಹುಡುಗ ಪೂರಾ ಮರಾಠಿಯಲ್ಲೇ ಕೇಳಿದ್ದರೆ ಸುಮ್ನೆ ಇರುತ್ತಿದ್ದೆ. ಬೇಕೇನ್ರಿ ಅಂದನಲ್ಲ, ಅದೇ ಸಿಟ್ಟು. ಪಕ್ಕದ ಗಾಡಿಯಲ್ಲಿ ಎರಡು ರೂಪಾಯಿ ಜಾಸ್ತಿ ಕೊಟ್ಟು ತಂದೆ.

ಹಿಂದೊಮ್ಮೆ ನಮ್ಮ ಆಯಿ ಸಿಂದಗಿಯಿಂದ ಬಂದು ಒಂದು ತಿಂಗಳು ನಮ್ಮಲ್ಲಿದ್ದಳು. ಪಕ್ಕದ ಮನೆಯವರು ಮರಾಠಿಗರು. ಅವರ ಹುಡುಗ ಸಂಜೆ ಶಾಲೆ ಬಿಟ್ಟು ಬಂದವನೇ ಅಂಗಳದಿಂದ "ಆಯೀ!" ಅಂತ ಕೂಗುತ್ತಿದ್ದ. ನಮ್ಮ ಆಯಿ ಒಳಗಿಂದ "ಬಂದ್ನೋ ಯಪ್ಪಾ" ಅಂತ ಮೊಣಕಾಲು ಹಿಡಿದುಕೊಂಡು ಎದ್ದುಬಿಡುತ್ತಿದ್ದಳು. ಮೊದಲ ದಿನ ಹುಡುಗ ಹೆದರಿದ. ಎರಡನೇ ದಿನ ಶೇಂಗಾ ಉಂಡಿ ಸಿಕ್ಕಿತು. ಮೂರನೇ ದಿನದಿಂದ ನಮ್ಮ ಬಾಗಿಲಿಗೇ ಮುಖ ಮಾಡಿ ಕೂಗತೊಡಗಿದ. ಹೆತ್ತವಳು ಹಾಲಿನ ಲೋಟ ಹಿಡಿದು ಅಲ್ಲೇ ನಿಂತಿರುತ್ತಿದ್ದಳು, ಪಾಪ. ಆಯಿ ಊರಿಗೆ ಹೋದ ಮರುದಿನ ಅವನ ಕೂಗಿಗೆ ಆಕೆ ಓಡಿ ಬಂದರೆ, "ತೂ ನಾಹೀ" ಅಂದನಂತೆ. ನೀನಲ್ಲ! ಆಕೆ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಉಂಡಿ ಕಟ್ಟಿದವಳು ನಾನೇನಾ?

ಗೋವಾ ನಮಗೆ ದೂರವಲ್ಲ, ಚೋರ್ಲಾ ಘಾಟ ಇಳಿದರೆ ಬಂತು. 1510ರಲ್ಲಿ ಅಲ್ಲಿಗೆ ಬಂದು ಕೂತ ಪೋರ್ಚುಗೀಸರು ಮಕ್ಕಳನ್ನು ನೋಡಿಕೊಳ್ಳುವವಳಿಗೆ ಆಯಾ ಅನ್ನುತ್ತಿದ್ದರು. ನಮ್ಮ ಶಾಲೆಗಳ ಆಯಾ ಅವರು ಬಿಟ್ಟುಹೋದ ಪದವೇ. ಅದರ ಬೇರು ಲ್ಯಾಟಿನ್ನಿನ ಆವಿಯಾ. ಅರ್ಥ ಏನು ಗೊತ್ತೇ? ಅಜ್ಜಿ! ಸದ್ದು ಹೊಂದಿತು ಅಂತ ನಂಟಸ್ತನ ಕಟ್ಟಬಾರದು, ನಿಜ. ಆದರೂ ರೋಮಿನವರೂ ಸಿಂದಗಿ ಪಾರ್ಟಿಯೇ ಆದದ್ದು ನೋಡಿ ಬೇಜಾರಾಯಿತು. ಹಿಂದಿಯಲ್ಲಿ ಆಯಿ ಅಂದರೆ ಬಂದಳು. ಜಪಾನಿನಲ್ಲಿ ಆಯ್ ಅಂದರೆ ಪ್ರೀತಿ. ಕೊತ್ತಂಬರಿ ಹುಡುಗನ ಮನಸ್ಸಿನಲ್ಲಿ ಅದಂತೂ ಇರಲಿಕ್ಕಿಲ್ಲ.

ಮರಾಠಿಯ ಲೆಕ್ಕ ನನಗೆ ಹಿಡಿಸಿದೆ. ನಮ್ಮ ಅಜ್ಜಿ ಅಲ್ಲಿ ತಾಯಿ. ನಮ್ಮ ತಾಯಿ ಅಲ್ಲಿ ಅಕ್ಕ. ಅವರು ತಾಯೀ ಅಂತ ಕರೆಯುವುದು ಅಕ್ಕನನ್ನೇ ಅಲ್ವಾ? ಸಂತೆಗೆ ಹೋಗುವಾಗಲಾದರೂ ನಾನು ಮರಾಠಿಯಲ್ಲಿರಬೇಕು.

ಆ ಹುಡುಗನನ್ನು ಕೇಳಿಯೇಬಿಡೋಣ ಅಂತ ಎರಡು ಸಲ ಹೋದೆ. ಕೇಳಲಿಲ್ಲ. ಪಕ್ಕದವನ ಕೊತ್ತಂಬರಿ ಸಂಜೆಗೇ ಬಾಡುತ್ತದೆ. ಆದರೆ ಅವನು ಮೇಡಂ ಅನ್ನುತ್ತಾನೆ.