ಪಕ್ಕದಲ್ಲಿ ಸಾವಿರ ಜನ ಬಿದ್ದರೆ ನನಗೇನು?

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ನಮ್ಮ ಕ್ರೈಸ್ತ ಸಭೆಯವರು ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ, ನನ್ನ ಬಾಯಿ ಎಂಥದ್ದು ಅಂತ ನಿಮಗೇನು ಹೊಸದಲ್ಲ.

ಕಾರವಾರದ ಬೈತಖೋಲದ ಹತ್ತಿರ ಒಂದು ಮನೆ ಪ್ರಾರ್ಥನೆ. ಹೊರಗೆ ಧೋ ಅಂತ ಮಳೆ. ದೂರದಿಂದ ಬಂದ ಬೋಧಕರು ಬೈಬಲಿನ 91ನೇ ಕೀರ್ತನೆ ತೆಗೆದ್ರು. ಪಕ್ಕದಲ್ಲಿ ಸಾವಿರ ಜನ ಬಿದ್ದರೂ ನಿನಗೇನೂ ತಟ್ಟೋದಿಲ್ಲ ಅನ್ನೋ ಮಾತು ಹಿಡಿದು ಮುಕ್ಕಾಲು ಗಂಟೆ ಎಳೆದ್ರು. ಕೆಂಪು ಸಮುದ್ರದಲ್ಲಿ ದೇವರ ಜನ ಒಣನೆಲದ ಮೇಲೆ ದಾಟಿದರು, ಬೆನ್ನಟ್ಟಿ ಬಂದ ಐಗುಪ್ತದ, ಅಂದ್ರೆ ಈಜಿಪ್ಟಿನ, ರಾಜ ಫರೋಹನ ಕಡೆಯವರು ಮುಳುಗಿದರು. ಇವತ್ತೂ ಅಷ್ಟೇ ಅಂತೆ, ಆತನವರು ಯಾರೋ ಅವರು ದಡ ಸೇರ್ತಾರೆ. ಎಲ್ಲರೂ ಆಮೆನ್ ಅಂದ್ರು. ಅಡುಗೆಮನೆ ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಿಂತಿದ್ದವರು ಪಕ್ಕದ ಮನೆಯ ಅಕ್ಕ. ನಮ್ಮ ಸಭೆಯವರಲ್ಲ, ಕೈಗೆ ಸಹಾಯ ಆಗ್ಲಿ ಅಂತ ಬಂದವರು. ಅವರ ಗಂಡ ದೋಣಿ ಮಗುಚಿ ಹೋಗಿ ಆರು ವರ್ಷ. ಏನೂ ಅನ್ನಲಿಲ್ಲ. ಟ್ರೇಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದ್ರು. ಚಹಾ ಕೆನೆ ಕಟ್ಟಿತ್ತು.

ಎಲುಬಿಲ್ಲದ ನಾಲಿಗೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

91ನೇ ಕೀರ್ತನೆ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಿ ರಾತ್ರಿ ದೀಪ ಆರಿಸುವ ಮೊದಲು ಹೇಳಿಕೊಡ್ತಿದ್ದದ್ದು ಅದನ್ನೇ. ಆದರೆ ಸುವಾರ್ತೆಗಳಲ್ಲಿ ಅದನ್ನು ಬಾಯಿಪಾಠ ಒಪ್ಪಿಸೋನು ಯಾರು ಗೊತ್ತಲ್ಲ? ಸೈತಾನ! ದೇವಾಲಯದ ತುದಿಗೆ ಯೇಸುವನ್ನು ನಿಲ್ಲಿಸಿ, ಹಾರು, ದೂತರು ಕೈಯಲ್ಲಿ ಎತ್ತಿಕೊಳ್ತಾರೆ ಅಂತ ಬರೆದಿದೆಯಲ್ಲ ಅಂತಾನೆ. ಯೇಸು ಹಾರಲಿಲ್ಲ. ಇದು ಮಾತ್ರ ಆ ಮುಕ್ಕಾಲು ಗಂಟೆಯಲ್ಲಿ ಬರಲಿಲ್ಲ.

ಅಪೊಸ್ತಲರ ಕೃತ್ಯಗಳು 12 ತೆಗೀರಿ. ಸೆರೆಯಲ್ಲಿದ್ದ ಪೇತ್ರನ ಕೈಯ ಸರಪಳಿ ಕಳಚಿ ಬಿತ್ತು, ಕಬ್ಬಿಣದ ಬಾಗಿಲು ತಾನಾಗೇ ತೆರೀತು. ನೂರು ಸಲ ಕೇಳಿದ್ದೇವೆ. ಅದೇ ಅಧ್ಯಾಯದ ಎರಡನೇ ವಚನದಲ್ಲಿ ಪೇತ್ರನನ್ನು ಸೆರೆಗೆ ಹಾಕಿದ ಅದೇ ಹೆರೋದ ರಾಜ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಒಂದೇ ಸಾಲು, ಮುಗೀತು. ಹಾಗಾದ್ರೆ ಯಾಕೋಬ ಆತನವನಲ್ವಾ? ಯೇಸುವಿಗೆ ತೀರಾ ಹತ್ತಿರದ ಮೂವರಲ್ಲಿ ಒಬ್ಬ ಅವನು ಮಾರಾಯ್ರೆ!

ಅಲ್ಲಪ್ಪ, ಬದುಕಿ ಬಂದವರು ಸಾಕ್ಷಿ ಹೇಳಬಾರದಾ, ಕೆಂಪು ಸಮುದ್ರ ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಬಡಿದು ಹಾಡಲಿಲ್ವಾ ಅಂತ ರಾತ್ರಿ ಒಬ್ಬ ಸ್ನೇಹಿತರು ಫೋನಲ್ಲಿ ಕೇಳಿದ್ರು. ಹಾಡಿದಳು, ಸರಿ. ಅವಳು ಐಗುಪ್ತದಲ್ಲಿ ಗುಲಾಮರಾಗಿ ಇಟ್ಟಿಗೆ ಹೊತ್ತು ಬೆನ್ನು ಮುರಿದುಕೊಂಡ ಜನರ ಮಗಳು, ಎಸಿ ಕಾರಿಂದ ಇಳಿದು ಬಂದವಳಲ್ಲ. ಆ ಜನರ ವಂಶದ ಯೆಹೂದ್ಯರೇ ಇವತ್ತಿಗೂ, ಆ ಬಿಡುಗಡೆ ನೆನೆಯೋ ಪಸ್ಕ ಹಬ್ಬದ ಊಟದಲ್ಲಿ ಐಗುಪ್ತದ ಹತ್ತು ಬಾಧೆಗಳ ಹೆಸರು ಹೇಳ್ತಾ ಲೋಟದಿಂದ ಹತ್ತು ಹನಿ ದ್ರಾಕ್ಷಾರಸ ತೆಗೆದು ಹಾಕ್ತಾರೆ. ಸತ್ತವರು ಶತ್ರುಗಳಾದ್ರೂ ನಮ್ಮ ಲೋಟ ತುಂಬಿರಬಾರದು ಅಂತ ಅದಕ್ಕೆ ಅರ್ಥ ಹೇಳೋರಿದ್ದಾರೆ. ನಮ್ಮದು ಮಾತ್ರ ತುಂಬಿ ತುಳುಕಬೇಕು.

ನಾನೇನು ಸಾಚಾ ಅಲ್ಲ. 2024ರ ಜುಲೈ 16ರಂದು ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲಿದ್ದದ್ದು ಗಂಗಾವಳಿ ನದಿ ಪಾಲಾಯ್ತಲ್ಲ, ಅದಕ್ಕೆ ಎರಡು ದಿನ ಮೊದಲು ಅದೇ ದಾರೀಲಿ ಅಂಕೋಲೆಯಿಂದ ಕುಮಟೆಗೆ ಹೋಗಿದ್ದೆ. "ದೇವರು ನನ್ನನ್ನು ಕಾಪಾಡಿದ" ಅಂತ ಕೈಮುಗಿದ ಚಿತ್ರ ಹಾಕಿ ಸ್ಟೇಟಸ್ ಇಟ್ಟೆ. ನಿಮ್ಮಲ್ಲೇ ಎಷ್ಟೋ ಜನ ಹಾರ್ಟ್ ಒತ್ತಿದ್ರಿ. ಎರಡು ದಿನ ಮೊದಲು ಹೋದವನನ್ನು ಕಾಪಾಡೋದಕ್ಕೆ ಏನಿದೆ! ಸೆಪ್ಟೆಂಬರ್ 25ಕ್ಕೆ, ಆವತ್ತು ಕೊಚ್ಚಿಹೋಗಿದ್ದ ಲಾರಿ ನದಿಯಿಂದ ಮೇಲೆ ಬರೋದನ್ನು ಟಿವಿಯಲ್ಲಿ ನೋಡ್ತಾ ಊಟ ಸೇರಲಿಲ್ಲ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಪಾಪಿಗಳು ಅಂದುಕೊಂಡಿರಾ ಅಂತ ಯೇಸು ಕೇಳಿದ್ದು ಆವತ್ತು ನನಗೇ ಕೇಳಿದ ಹಾಗಿತ್ತು.

ಕಾರವಾರದ ಕಡಲ ದಂಡೆ ಮೇಲೆ ಬಿಡುಗಡೆ ಬಗ್ಗೆ ಮಾತಾಡೋರಿಗೆ, ಅಪೊಸ್ತಲರ ಕೃತ್ಯಗಳು 27ರಲ್ಲಿ ಬರೋ ಕೈದಿ ಪೌಲನ ಹಡಗು ಯಾಕೆ ನೆನಪಾಗಲ್ಲ? ಹದಿನಾಲ್ಕು ರಾತ್ರಿ ಬಿರುಗಾಳಿ. ಹಡಗಿನ ಹಿಂಭಾಗದಿಂದ ನಾಲ್ಕು ಲಂಗರು ಇಳಿಸಿ, ಯಾವಾಗ ಬೆಳಕು ಹರೀತದೋ ಅಂತ ಕಾಯ್ತಾರೆ. ನಮ್ಮ ಕಡೆ ದೋಣಿ ನಡೆಸೋ ತಾಂಡೇಲರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವಿಕರು ಸಣ್ಣ ದೋಣಿ ಇಳಿಸಿ ತಪ್ಪಿಸಿಕೊಳ್ಳೋಕೆ ನೋಡ್ತಾರೆ. ಇವರು ಇಲ್ಲದಿದ್ರೆ ನೀವೂ ಉಳಿಯಲ್ಲ ಅಂತ ಪೌಲ ಎಚ್ಚರಿಸ್ತಾನೆ, ಸಿಪಾಯಿಗಳು ಹಗ್ಗ ಕತ್ತರಿಸ್ತಾರೆ. ಕೊನೆಗೆ ಈಜು ಬಲ್ಲವರು ಹಾರಿ, ಉಳಿದವರು ಹಲಗೆ ಹಿಡಿದು ದಡ ಸೇರ್ತಾರೆ. ಸಿಪಾಯಿ, ಕೈದಿ, ನಾವಿಕ ಎಲ್ಲ ಸೇರಿ 276 ಜನ, ಒಬ್ಬರೂ ಸಾಯಲಿಲ್ಲ. ಅಷ್ಟರಲ್ಲಿ ಪೌಲನ ದೇವರನ್ನು ನಂಬಿದವರು ಬೆರಳೆಣಿಕೆ. ದೇವರು ಸಭೆಯ ರಿಜಿಸ್ಟರ್ ತೆಗೆದು ಹಾಜರಿ ಕರೆದ ಅಂತ ಎಲ್ಲೂ ಇಲ್ಲ.

ಮುಂದಿನ ತಿಂಗಳ ಪ್ರಾರ್ಥನೆ ನಮ್ಮ ಮನೆಯಲ್ಲಿ, ಅದೇ ಬೋಧಕರು ಬರ್ತಾರಂತೆ. ಪಾಠ ಆರಿಸೋದು ಮನೆಯವರ ಹಕ್ಕು. 27ನೇ ಅಧ್ಯಾಯ, 44 ವಚನ, ಒಂದನ್ನೂ ಬಿಡದೆ ಅವರ ಕೈಯಲ್ಲೇ ಓದಿಸ್ತೇನೆ. ಆ ಅಕ್ಕನಿಗೂ ಹೇಳಿ ಬಂದಿದ್ದೇನೆ, ಬರಬೇಕು, ಕೂತ್ಕೊಳ್ಳೋಕೆ. ಚಹಾ ನಾನು ಕೊಡ್ತೇನೆ.