129 ಯೂರೋ ಕೊಟ್ಟು ಪ್ರಾಗ್‌ಗೆ ಹೋಗಿ ಕಾದು ನಿಂತು ಬಂದೆ

ಶನಿವಾರ, ಭಾನುವಾರ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಎರಡು ದಿನದ ಪ್ರವಾಸ. ಅದರಲ್ಲಿ ಬೇರೆಯವರಿಗಾಗಿ ಕಾದಿದ್ದೇ ನಾಲ್ಕೂಕಾಲು ಗಂಟೆ. ಅಂದಾಜಲ್ಲ, ವಾಪಸ್ ಬರುವಾಗ ಬಸ್ಸಲ್ಲಿ ಕೂತು ಒಂದೊಂದೇ ಮೊಬೈಲಿನಲ್ಲಿ ಬರೆದು ಕೂಡಿಸಿದೆ. ಬಂದು ಎರಡು ದಿನ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ನಾನು ದಕ್ಷಿಣ ಜರ್ಮನಿಯಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ನಮ್ಮ ಯೂನಿವರ್ಸಿಟಿಯಲ್ಲಿ ಹೊರದೇಶದ ವಿದ್ಯಾರ್ಥಿಗಳದ್ದೊಂದು ಗುಂಪಿದೆ. ಸೆಮಿಸ್ಟರಿಗೆ ಒಂದೆರಡು ಸಲ ಪ್ರವಾಸ ಇಡುತ್ತಾರೆ. ಈ ಸಲ ಪ್ರಾಗ್. ಬಸ್ಸು, ಹಾಸ್ಟೆಲಿನಲ್ಲಿ ಒಂದು ರಾತ್ರಿ, ಕೋಟೆಯ ಟಿಕೆಟ್ಟು, ಶನಿವಾರ ರಾತ್ರಿ ಊಟ ಎಲ್ಲ ಸೇರಿ 129 ಯೂರೋ. ಸುಮ್ನೆ ಕೊಡುವ ದುಡ್ಡಲ್ಲ ಅದು. ವೀಸಾಕ್ಕೆಂದು ವರ್ಷದ ಖರ್ಚನ್ನು ಮೊದಲೇ ಕಟ್ಟಿಟ್ಟ ನಮ್ಮ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಬಿಡುವುದು 992 ಯೂರೋ. ಬಾಡಿಗೆ, ಇನ್ಶೂರೆನ್ಸ್, ದಿನಸಿ ಕಳೆದರೆ ಕೈಯಲ್ಲಿ ಏನು ಉಳಿಯುತ್ತದೆ ಅಂತ ಇಲ್ಲಿ ಓದುವ ಯಾರನ್ನಾದರೂ ಕೇಳಿ. 2025ರಲ್ಲಿ ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ ಇತ್ತು. ಗೋದಾಮಿನಲ್ಲಿ ಡಬ್ಬ ಎತ್ತಿ ಇಡುವ ಕೆಲಸಕ್ಕೆ ನನಗೆ ಸಿಗುತ್ತಿದ್ದುದೂ ಅಷ್ಟೇ. ಹತ್ತು ಗಂಟೆ ಬೆನ್ನು ಬಗ್ಗಿಸಿ ದುಡಿದ ದುಡ್ಡು ಅದು.

ಆದರೂ ಕೊಟ್ಟೆ. ಯಾಕೆಂದರೆ ಪ್ರಾಗ್ ನೋಡಬೇಕು ಅನ್ನೋದು ಅಪ್ಪನ ಆಸೆ, ಆಮೇಲೆ ನನ್ನದು. ಅಪ್ಪ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. 1989ರಲ್ಲಿ ಅವರು ಬಿ.ಎ. ಓದುತ್ತಿದ್ದರಂತೆ. ಪ್ರಾಗ್‌ನಲ್ಲಿ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಹುಡುಗರು ಬೀದಿಗಿಳಿದ ಸುದ್ದಿಯನ್ನು ಪೇಪರಿನಲ್ಲಿ ದಿನಾ ಓದಿ ಹಾಸ್ಟೆಲಿನಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ. "ನೀನು ಹೋದರೆ ಆ ಬೀದಿ ನೋಡಿಕೊಂಡು ಬಾ ಪುಟ್ಟಿ" ಅಂದಿದ್ದರು. ನೋಟ್‌ಬುಕ್ಕಿನಲ್ಲಿ ಒಂದು ಪುಟ ಪೂರ್ತಿ ಪಟ್ಟಿ ಮಾಡಿಕೊಂಡಿದ್ದೆ. ಅಲ್ಲಿನ ಚಾರ್ಲ್ಸ್ ಯೂನಿವರ್ಸಿಟಿ ಶುರುವಾಗಿದ್ದು 1348ರಲ್ಲಿ. ಚಾರ್ಲ್ಸ್ ಸೇತುವೆಗೆ ಕಲ್ಲು ಇಟ್ಟಿದ್ದು 1357ರಲ್ಲಿ. ಪುರಭವನದ ಗೋಡೆಯ ಖಗೋಳ ಗಡಿಯಾರ 1410ರದ್ದು. ಇದನ್ನೆಲ್ಲ ಬರೆದುಕೊಂಡು, ದಾರಿ ಯಾವ ಕಡೆ ಅಂತ ನಕ್ಷೆಯಲ್ಲಿ ಗುರುತು ಹಾಕಿಕೊಂಡು ಹೊರಟವಳು ನಾನು.

ಬಸ್ಸು ಬೆಳಗ್ಗೆ ಆರಕ್ಕೆ ಅಂತ ಹೇಳಿದ್ದರು. ಐದೂಮುಕ್ಕಾಲಿಗೆ ಆ ಚಳಿಯಲ್ಲಿ ಹೋಗಿ ನಿಂತೆ. ಬಸ್ಸು ಹೊರಟಿದ್ದು ಏಳೂಕಾಲಿಗೆ. ನಾಲ್ಕು ಜನ ಎದ್ದೇ ಇರಲಿಲ್ಲ. ಕೋಆರ್ಡಿನೇಟರ್ ಅವರಿಗೆ ಫೋನ್ ಮಾಡಿ ನಗುನಗುತ್ತಾ "ಬನ್ನಿ ಬನ್ನಿ, ಪರವಾಗಿಲ್ಲ" ಅಂದ. ಯಾರಿಗೆ ಪರವಾಗಿಲ್ಲ? ಹೊತ್ತಿಗೆ ಸರಿಯಾಗಿ ಬಂದ ನಲವತ್ತು ಜನರನ್ನು ಅವನು ಕೇಳಿದನಾ? ಅಪ್ಪ ಹೈಸ್ಕೂಲು ಮಕ್ಕಳನ್ನು ಬೇಲೂರು, ಹಳೇಬೀಡು ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ಹಿಂದಿನ ರಾತ್ರಿಯೇ ಮಕ್ಕಳನ್ನೆಲ್ಲ ಶಾಲೆಯಲ್ಲಿ ಮಲಗಿಸಿಕೊಳ್ಳುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ತಲೆ ಎಣಿಸಿ ಬಸ್ಸು ಬಿಡುತ್ತಿದ್ದರು. ಹದಿಮೂರು ವರ್ಷದ ಮಕ್ಕಳು ಎದ್ದು ಬರುತ್ತಿದ್ದರು. ಇಪ್ಪತ್ತೈದು ವರ್ಷದವರಿಗೆ ಆಗಲ್ವಾ?

ಪ್ರಾಗ್ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಹಾಸ್ಟೆಲಿನಲ್ಲಿ ಕೀ ಹಂಚಿ ಹೊರಬೀಳುವಾಗ ಎರಡೂವರೆ. ನವೆಂಬರ್ ತಿಂಗಳಲ್ಲಿ ಅಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಅಂದರೆ ಮೊದಲ ದಿನದ ಬೆಳಕು ನಮಗೆ ಉಳಿದಿದ್ದು ಹೆಚ್ಚೂಕಡಿಮೆ ಎರಡೇ ಗಂಟೆ.

ಆ ಎರಡು ಗಂಟೆಯಲ್ಲಿ ಮೊದಲು ಕರೆದುಕೊಂಡು ಹೋಗಿದ್ದು ಎಲ್ಲಿಗೆ ಗೊತ್ತಾ? ಯೋಸೆಫೊವ್‌ಗೆ, ಅಂದರೆ ಹಳೆಯ ಯಹೂದಿ ಕೇರಿಗೆ. ಪ್ರವಾಸದವರ ಪಟ್ಟಿಯಲ್ಲಿ ಅದನ್ನು ನೋಡಿ ನಾನು ಎಷ್ಟು ಖುಷಿಪಟ್ಟಿದ್ದೆ. ಅಲ್ಲಿ ಪಿಂಕಾಸ್ ಸಿನಗಾಗ್ ಇದೆ, ಯಹೂದಿಗಳ ಪ್ರಾರ್ಥನಾ ಮಂದಿರ. ನಾಜಿಗಳ ಕಾಲದಲ್ಲಿ ಸತ್ತ ಬೊಹೀಮಿಯಾ, ಮೊರಾವಿಯಾದ, ಅಂದರೆ ಚೆಕ್ ನಾಡಿನ, ಸುಮಾರು 78,000 ಯಹೂದಿಗಳ ಹೆಸರನ್ನು ಅದರ ಗೋಡೆಗಳ ಮೇಲೆ ಕೈಯಲ್ಲೇ ಬರೆದಿದ್ದಾರೆ. ಪಕ್ಕದಲ್ಲೇ ಹಳೆಯ ಸ್ಮಶಾನ. ಜಾಗ ಸಾಲದೆ ಗೋರಿಯ ಮೇಲೆ ಗೋರಿ ಮಾಡುತ್ತಾ ಹೋಗಿ, ಕೆಲವು ಕಡೆ ಹನ್ನೆರಡು ಪದರ ಆಗಿದೆಯಂತೆ. ಅಲ್ಲಿನ ಅತಿ ಹಳೆಯ ಗೋರಿಕಲ್ಲು 1439ರದ್ದು. ಹೋಗಿ ನೋಡಿದರೆ ಬಾಗಿಲು ಹಾಕಿತ್ತು. ಶನಿವಾರ ಅಲ್ವಾ? ಸಬ್ಬತ್, ಯಹೂದಿಗಳ ವಿಶ್ರಾಂತಿಯ ದಿನ. ಇವೆಲ್ಲ ಸೇರಿದ ಯಹೂದಿ ಮ್ಯೂಸಿಯಂ ಪ್ರತಿ ಶನಿವಾರವೂ ಮುಚ್ಚಿರುತ್ತದೆ. ಭಾನುವಾರ ತೆರೆದಿರುತ್ತದೆ. ಇದೇನು ಯಾರಿಗೂ ತಿಳಿಯದ ಗುಟ್ಟಲ್ಲ. ಒಂದು ನಿಮಿಷ ಹುಡುಕಿದ್ದರೆ ಸಿಗುತ್ತಿತ್ತು. ನಲವತ್ತು ಜನರಿಂದ ದುಡ್ಡು ತೆಗೆದುಕೊಂಡವನು ಆ ಒಂದು ನಿಮಿಷ ಕೊಡಲಿಲ್ಲ. ತಪ್ಪು ನನ್ನದೂ ಇದೆ, ನಾನು ಮೊದಲೇ ನೋಡಿ ಹೇಳಬೇಕಿತ್ತು. "ಹಾಗಾದರೆ ಇದನ್ನು ನಾಳೆಗೆ ಇಟ್ಟುಕೊಳ್ಳೋಣ" ಅಂದೆ. "ನಾಳೆ ಟೈಮ್ ಇಲ್ಲ" ಅಂದ.

ಅಲ್ಲಿಂದ ಓಲ್ಡ್ ಟೌನ್ ಸ್ಕ್ವೇರ್. ಗಡಿಯಾರದ ಮೇಲೆ ಗಂಟೆಗೊಮ್ಮೆ ಯೇಸುವಿನ ಹನ್ನೆರಡು ಅಪೊಸ್ತಲರ ಬೊಂಬೆ ಹಾದುಹೋಗುತ್ತವೆ. ಪಕ್ಕದಲ್ಲಿ ಒಂದು ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ನಾಲ್ಕು ಗಂಟೆಗೆ ಅಂತೂ ಅದನ್ನು ನೋಡಿದೆ. ಅದಕ್ಕೆ ಮುಂಚೆ ಮೂವತ್ತೈದು ನಿಮಿಷ ಟ್ರ್ದೆಲ್ನಿಕ್ ಅಂಗಡಿ ಮುಂದೆ ಸಾಲು. ಕೋಲಿಗೆ ಹಿಟ್ಟು ಸುತ್ತಿ ಸುಟ್ಟು ಸಕ್ಕರೆ ಹೊರಳಿಸಿ ಕೊಡುವ ಸಿಹಿ ಅದು. ಪ್ರಾಗ್‌ನ ಹಳೇ ತಿಂಡಿ ಅಂತ ಬೋರ್ಡು. ಅದು ನಿಜವಾಗಿ ಹೆಸರಾದದ್ದು ಸ್ಲೊವಾಕಿಯಾದ ಸ್ಕಾಲಿತ್ಸಾ ಊರಿನಲ್ಲಿ. ತಿನ್ನಲಿ, ನಾನು ಬೇಡ ಅನ್ನಲ್ಲ. ಆದರೆ ಅದನ್ನು ಹಿಡಿದು ಎಲ್ಲರೂ ರೀಲ್ಸ್ ಮಾಡುತ್ತಾ ನಿಂತಿದ್ದ ಜಾಗ ಯಾವುದು? ಪುರಭವನದ ಪಕ್ಕದ ನೆಲದಲ್ಲಿ 27 ಬಿಳಿ ಶಿಲುಬೆ ಕೂರಿಸಿದ್ದಾರೆ. 1621ರ ಜೂನ್ 21ರಂದು, ಹ್ಯಾಬ್ಸ್‌ಬರ್ಗ್ ದೊರೆಯ ವಿರುದ್ಧ ದಂಗೆ ಎದ್ದ 27 ಮುಖಂಡರನ್ನು ಅಲ್ಲೇ ಕೊಂದರು. ಅದರ ಮೇಲೆ ಸಕ್ಕರೆ ಉದುರಿಸುತ್ತಾ ಕುಣಿದರು. ನಾನು ನನ್ನ ರೂಮ್‌ಮೇಟ್‌ಗೆ ಹೇಳಿದೆ. ಅವಳು ದಾವಣಗೆರೆಯವಳು, ಒಳ್ಳೆಯ ಹುಡುಗಿ. "ಬಿಡೇ, ಜಾಸ್ತಿ ತಲೆ ಕೆಡಿಸ್ಕೋಬೇಡ, ಎಂಜಾಯ್ ಮಾಡೇ" ಅಂದಳು. ಎಂಜಾಯ್ ಮಾಡೋದಕ್ಕೇ ಬಂದಿದ್ದು ನಾನು. ನನಗೆ ಖುಷಿ ಕೊಡುವುದು ಬೇರೆ ಅಷ್ಟೇ. ಅದಕ್ಕೂ ಅಷ್ಟೇ ದುಡ್ಡು ಕೊಟ್ಟಿದ್ದೇನೆ.

ಐದೂವರೆಗೆ ಪಬ್ ಕ್ರಾಲ್. ಗುಂಪು ಕಟ್ಟಿಕೊಂಡು ಪಬ್ಬಿಂದ ಪಬ್ಬಿಗೆ ಕುಡಿಯುತ್ತಾ ಹೋಗುವುದು. ಊರಿನವರಿಗೆ ಇದು ಸಾಕಾಗಿ, 2024ರಲ್ಲಿ ಪ್ರಾಗ್ ನಗರಸಭೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಇಂಥ ಪಬ್ ಕ್ರಾಲ್ ನಡೆಸಬಾರದು ಅಂತ ನಿಯಮ ಮಾಡಿತು. ಅದಕ್ಕೇ ನಮ್ಮವರು ಸಂಜೆಗೇ ಶುರು ಮಾಡಿದರು. ಇದ್ದ ಒಂದೇ ಸಂಜೆ ಅದಕ್ಕೆ ಹೋಯಿತು. ಊಟ ಪಬ್ಬಿನಲ್ಲೇ. ಸಸ್ಯಾಹಾರಿ ಅಂತ ಫಾರ್ಮಿನಲ್ಲಿ ಬರೆದಿದ್ದರೂ ನನ್ನ ಮುಂದೆ ಗೂಲಾಶ್ ಅನ್ನುವ ಮಾಂಸದ ಸಾರು ಇಟ್ಟರು. ವಾಪಸ್ ಕಳಿಸಿ, ಕೈಯಿಂದ ದುಡ್ಡು ಕೊಟ್ಟು ಕರಿದ ಚೀಸ್ ತರಿಸಿಕೊಂಡು ತಿಂದೆ.

ಆ ಪಬ್ಬು ಇದ್ದದ್ದು ವೆನ್ಸೆಸ್ಲಾಸ್ ಚೌಕದ ಹತ್ತಿರ. ಐದು ನಿಮಿಷ ನಡೆದರೆ ನ್ಯಾಷನಲ್ ಮ್ಯೂಸಿಯಂ. ಅದರ ಮುಂದೆ ನೆಲದಲ್ಲಿ ಕಂಚಿನ ಒಂದು ಶಿಲುಬೆ ಕರಗಿ ಮಲಗಿದ ಹಾಗೆ ಇದೆ. 1969ರ ಜನವರಿ 16ರಂದು ಯಾನ್ ಪಾಲಾಖ್ ಅನ್ನುವ ಹುಡುಗ ಅಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. ಸೋವಿಯತ್ ಸೈನ್ಯ ಬಂದು ಕೂತಿತ್ತು, ಜನ ಸೋತು ಸುಮ್ಮನಾಗುತ್ತಿದ್ದರು. ಅವರನ್ನು ಎಬ್ಬಿಸಬೇಕು ಅಂತ ಹಾಗೆ ಮಾಡಿಕೊಂಡ. ಮೂರು ದಿನಕ್ಕೆ ಸತ್ತ. ಇಪ್ಪತ್ತು ವರ್ಷ. ಚಾರ್ಲ್ಸ್ ಯೂನಿವರ್ಸಿಟಿಯ ವಿದ್ಯಾರ್ಥಿ. ನಮ್ಮ ಹಾಗೆ ವಿದ್ಯಾರ್ಥಿ. "ಐದು ನಿಮಿಷ ಎಲ್ಲರೂ ಹೋಗಿ ಬರೋಣ" ಅಂತ ಕೋಆರ್ಡಿನೇಟರ್‌ನನ್ನು ಕೇಳಿದೆ. "ಮೂಡ್ ಹಾಳು ಮಾಡಬೇಡ" ಅಂದ. ನಾನೊಬ್ಬಳೇ ಹೋಗಿ ನಿಂತು ಬಂದೆ. ಅಲ್ಲಿಂದ ನೇರ ಹಾಸ್ಟೆಲಿಗೆ ಹೋಗಿ ಮಲಗಿದೆ.

ಭಾನುವಾರ ಒಂಬತ್ತಕ್ಕೆ ಲಾಬಿಯಲ್ಲಿ ಸೇರಬೇಕು ಅಂದಿದ್ದರು. ನಾನು ಆರಕ್ಕೆ ಎದ್ದೆ. ಎದ್ದವಳು ಮೊದಲು ಹೋಗಿದ್ದು ಅಪ್ಪ ಹೇಳಿದ ನಾರೋದ್ನಿ ಬೀದಿಗೆ. 1989ರ ನವೆಂಬರ್ 17ರ ಸಂಜೆ ಮೆರವಣಿಗೆ ಬಂದ ವಿದ್ಯಾರ್ಥಿಗಳನ್ನು ಪೊಲೀಸರು ತಡೆದು ಹೊಡೆದಿದ್ದು ಅಲ್ಲೇ. ಆ ಏಟಿಗೆ ಇಡೀ ದೇಶ ಎದ್ದು ನಿಂತಿತು. ಡಿಸೆಂಬರ್ 29ಕ್ಕೆ ಆ ಚಳವಳಿಯ ಮುಂದಾಳು, ನಾಟಕಕಾರ ವಾತ್ಸ್ಲಾವ್ ಹಾವೆಲ್ ದೇಶದ ಅಧ್ಯಕ್ಷರಾದರು. ಒಂದು ಕಟ್ಟಡದ ಕಮಾನಿನ ಒಳಗೆ, ಗೋಡೆಯ ಮೇಲೆ, ಕಂಚಿನ ಕೈಗಳು ಮೇಲೆತ್ತಿ ನಿಂತಿವೆ. ಕೆಳಗೆ ತಾರೀಕು. ಮಾರನೇ ದಿನ ವಾರ್ಷಿಕ ದಿನ ಅಂತ ಆಗಲೇ ಯಾರೋ ಮೇಣದ ಬತ್ತಿ ಹಚ್ಚಿಟ್ಟು ಹೋಗಿದ್ದರು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ, ನೋಡುತ್ತಾ ಇದ್ದರು. ಆಮೇಲೆ ಚಾರ್ಲ್ಸ್ ಸೇತುವೆಗೆ ನಡೆದೆ. ಏಳೂಕಾಲಿಗೆ ಬೆಳಕು ಬಂತು. ಮೂವತ್ತು ವಿಗ್ರಹ, ಕೆಳಗೆ ವ್ಲ್ತಾವಾ ನದಿ, ಜನ ಬೆರಳೆಣಿಕೆ. ಈ ಎರಡು ಗಂಟೆಯೇ ನನ್ನ ಪ್ರಾಗ್.

ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಲಾಬಿಯಲ್ಲಿದ್ದೆ. ಹತ್ತಕ್ಕೆ ಕೋಆರ್ಡಿನೇಟರ್ ಕೆಳಗೆ ಬಂದ. ಬಂದವನು ಬೈದಿದ್ದು ಯಾರನ್ನು? ನನ್ನನ್ನು. "ಹೇಳದೇ ಒಬ್ಬಳೇ ಯಾಕೆ ಹೋದೆ? ಗುಂಪು ಅಂದಮೇಲೆ ಒಂದು ಶಿಸ್ತು ಬೇಡವಾ?" ಅಂದ. ಎಲ್ಲರ ಮುಂದೆ. ಒಂದು ಗಂಟೆ ತಡವಾಗಿ ಬಂದವನು, ಹೊತ್ತಿಗೆ ಮುಂಚೆ ಬಂದು ಕೂತವಳಿಗೆ ಶಿಸ್ತು ಹೇಳಿದ. ಗಂಟಲು ಕಟ್ಟಿ ನನಗೆ ಮಾತು ಬರಲಿಲ್ಲ. ಅವತ್ತು ಬಾರದ ಮಾತನ್ನೇ ಈಗ ಬರೆಯುತ್ತಿದ್ದೇನೆ. ಉಳಿದವರು ತಲೆನೋವು ಅಂತ ಒಬ್ಬೊಬ್ಬರಾಗಿ ಇಳಿದು, ಹೊರಟಿದ್ದು ಹನ್ನೊಂದೂ ಹತ್ತಕ್ಕೆ.

ಕೋಟೆಯ ಬಾಗಿಲಲ್ಲಿ ತಪಾಸಣೆ ಮುಗಿಸಿ ಒಳಗೆ ಹೋಗುವಾಗ ಹನ್ನೆರಡು. ಭಾನುವಾರ ಸಂತ ವೀಟಸ್ ಕೆಥೆಡ್ರಲ್‌ಗೆ ನೋಡುವವರನ್ನು ಬಿಡುವುದೇ ಹನ್ನೆರಡಕ್ಕೆ, ಬೆಳಗ್ಗೆ ಪ್ರಾರ್ಥನೆ ಇರುತ್ತದೆ. ಹಾಗಾಗಿ ಮುಂದೆ ದೊಡ್ಡ ಸಾಲು. ಮುಕ್ಕಾಲು ಗಂಟೆ ನಿಂತಿದ್ದರೆ ಒಳಗೆ ಹೋಗಬಹುದಿತ್ತು. "ಒಂದೂವರೆಗೆ ಬಸ್ಸು, ಹೊರಗೆ ಫೋಟೋ ತೆಗೆದುಕೊಂಡು ಹೊರಡೋಣ" ಅಂದ. 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದ ಕಟ್ಟಡ ಅದು. ತಲೆಮಾರುಗಟ್ಟಲೆ ಕಟ್ಟಿದ್ದಾರೆ. ನಮಗೆ ಮುಕ್ಕಾಲು ಗಂಟೆ ಇಲ್ಲ. ಲಾಬಿಯಲ್ಲಿ ಎರಡು ಗಂಟೆ ಹತ್ತು ನಿಮಿಷ ಇತ್ತು, ಇಲ್ಲಿ ಮುಕ್ಕಾಲು ಗಂಟೆ ಇಲ್ಲ! ಓಡೋಡಿ ಬಸ್ಸಿಗೆ ಬಂದರೆ ಇಬ್ಬರು ಶಾಪಿಂಗ್ ಹೋಗಿದ್ದರು. ಅವರಿಗಾಗಿ ಇನ್ನೂ ಐವತ್ತು ನಿಮಿಷ. ಅಲ್ಲಿ ನಿಂತು ಕೋಟೆಯ ಗೋಪುರ ನೋಡುತ್ತಾ ಅಳು ಬಂತು ನನಗೆ.

ಗಡಿಯಲ್ಲಿ ನಿಂತಿದ್ದು ಬೇರೆ. 2023ರ ಅಕ್ಟೋಬರಿನಿಂದ ಜರ್ಮನಿ ಆ ಗಡಿಯಲ್ಲಿ ತಪಾಸಣೆ ಇಟ್ಟಿದೆ. ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು ತನ್ನಿ ಅಂತ ಯಾರೂ ಹೇಳಿರಲಿಲ್ಲ. ಒಬ್ಬ ಕಾರ್ಡು ರೂಮಿನಲ್ಲೇ ಬಿಟ್ಟು ಬಂದಿದ್ದ. ಪಾಪ, ಅವನು ನಡುಗುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸೋಮವಾರ ಬೆಳಗ್ಗೆ ಗುಂಪಿನ ಪೇಜಿನಲ್ಲಿ ಒಂದು ಪೋಸ್ಟರ್. "ಅಂತರರಾಷ್ಟ್ರೀಯ ವಿದ್ಯಾರ್ಥಿ ದಿನದ ಶುಭಾಶಯ" ಅಂತ. ಕೆಳಗೆ ನಮ್ಮವರೆಲ್ಲ ಬಿಯರ್ ಗ್ಲಾಸ್ ಎತ್ತಿ ಹಿಡಿದ ಫೋಟೋ. ನವೆಂಬರ್ 17 ವಿದ್ಯಾರ್ಥಿ ದಿನ ಆಗಿದ್ದು ಯಾಕೆ ಅಂತ ಹಾಕಿದವರಿಗೆ ಗೊತ್ತಾ? 1939ರಲ್ಲಿ ಯಾನ್ ಓಪ್ಲೆತಾಲ್ ಅನ್ನುವ ಮೆಡಿಕಲ್ ವಿದ್ಯಾರ್ಥಿ ಪ್ರಾಗ್‌ನಲ್ಲಿ ನಾಜಿಗಳ ವಿರುದ್ಧದ ಮೆರವಣಿಗೆಯಲ್ಲಿ ಗುಂಡೇಟು ತಿಂದು ಸತ್ತ. ಅವನ ಶವಯಾತ್ರೆ ಪ್ರತಿಭಟನೆ ಆಯಿತು. ನವೆಂಬರ್ 17ರಂದು ನಾಜಿಗಳು ಒಂಬತ್ತು ಜನರನ್ನು ಕೊಂದರು, 1,200ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಸಾಕ್ಸನ್‌ಹೌಸನ್ ಸೆರೆಶಿಬಿರಕ್ಕೆ ಹೊತ್ತೊಯ್ದರು, ಚೆಕ್ ಯೂನಿವರ್ಸಿಟಿಗಳಿಗೆಲ್ಲ ಬೀಗ ಹಾಕಿದರು. ಆ ಊರಿಗೇ, ಆ ತಾರೀಕಿನ ಹಿಂದಿನ ದಿನವೇ ಹೋಗಿ, ಒಂದು ಕಡೆಯೂ ಎರಡು ನಿಮಿಷ ನಿಲ್ಲದೆ ಬಂದಿದ್ದೇವೆ. ವಿದ್ಯಾರ್ಥಿಗಳ ಪ್ರವಾಸ ಅಂತ ಹೆಸರು ಇಟ್ಟುಕೊಂಡು!

ಗ್ರೂಪಿನಲ್ಲಿ ಇದನ್ನೇ ಬರೆದೆ. ಬಳಸದೇ ಹೋದ ಕೋಟೆಯ ಟಿಕೆಟ್ಟಿನ ದುಡ್ಡು ವಾಪಸ್ ಕೊಡಿ ಅಂತಲೂ ಕೇಳಿದೆ. ಟಿಕೆಟ್ಟು ತೆಗೆದೇ ಇರಲಿಲ್ಲ, ಆ ದುಡ್ಡು ಪಬ್ಬಿನ ಬಿಲ್ಲಿಗೆ ಸೇರಿಸಿದೆವು ಅಂತ ಉತ್ತರ ಬಂತು. ಕುಡಿಯದವಳ ದುಡ್ಡಿನಲ್ಲಿ ಕುಡಿದಿದ್ದಾರೆ. ಕೇಳಿದ್ದಕ್ಕೆ "ಇಷ್ಟು ನೆಗೆಟಿವ್ ಆದರೆ ಮುಂದಿನ ಸಲ ಬರಬೇಡ" ಅಂದರು. ಅದರ ಕೆಳಗೇ ಡಿಸೆಂಬರಿನ ವಿಯೆನ್ನಾ ಪ್ರವಾಸದ ಫಾರ್ಮು.

ಹೊಸದಾಗಿ ಬಂದಿರುವ ಜೂನಿಯರ್ಸ್, ದುಡ್ಡು ಹಾಕುವ ಮೊದಲು ದಯವಿಟ್ಟು ಕೇಳಿ. ಯಾವ ಜಾಗ, ಯಾವ ದಿನ, ಎಷ್ಟು ಗಂಟೆಗೆ ತೆರೆಯುತ್ತದೆ, ಟಿಕೆಟ್ಟು ನಿಜವಾಗಿ ತೆಗೆದಿದ್ದಾರಾ, ತಡವಾಗಿ ಬಂದವರನ್ನು ಬಿಟ್ಟು ಹೊರಡುತ್ತಾರಾ. ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಾನು ಕೇಳಲಿಲ್ಲ.

ರಾತ್ರಿ ಅಪ್ಪ ಫೋನ್ ಮಾಡಿ "ಆ ದೊಡ್ಡ ಚರ್ಚು ಒಳಗೆ ಹೇಗಿದೆ ಪುಟ್ಟಿ?" ಅಂದರು. ನೋಡಲಿಲ್ಲ ಅಪ್ಪ ಅಂದೆ. "ಅಷ್ಟು ದೂರ ಹೋಗಿಯೂ?" ಅಂದರು.