ಒಂದೇ ತರಗತಿ, ಎರಡು ದರ

ಕಳೆದ ಶನಿವಾರ ಇಟಲಿಯ ಫ್ಲಾರೆನ್ಸಿನ ಒಂದು ಸರ್ಕಾರಿ ವಸ್ತುಸಂಗ್ರಹಾಲಯದ ಟಿಕೆಟ್ ಕಿಟಕಿಯ ಮುಂದೆ ನಾವು ನಾಲ್ವರು ನಿಂತಿದ್ದೆವು. ನಾಲ್ವರೂ ಬೊಲೊನ್ಯಾದಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಓದುವವರು. ಒಂದೇ ತರಗತಿ, ಒಂದೇ ಪ್ರಯೋಗಾಲಯ, ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಮೇಜು. ಒಬ್ಬ ಜರ್ಮನಿಯವನು, ಒಬ್ಬಳು ಸ್ಪೇನಿನವಳು, ಇನ್ನೊಬ್ಬಳು ಇಲ್ಲಿಯವಳೇ. ಮೂವರೂ ಗುರುತಿನ ಚೀಟಿ ತೋರಿಸಿ ತಲಾ ಎರಡು ಯೂರೋ ಕೊಟ್ಟು ಟಿಕೆಟ್ ಪಡೆದರು. ನಾನು ವಿಶ್ವವಿದ್ಯಾಲಯದ ಕಾರ್ಡ್ ಚಾಚಿದೆ. ಕಿಟಕಿಯ ಹಿಂದಿದ್ದಾಕೆ ಅದನ್ನು ಮುಟ್ಟಲೂ ಇಲ್ಲ, ಪಾಸ್‌ಪೋರ್ಟ್ ಕೇಳಿದಳು. ಭಾರತದ ಪಾಸ್‌ಪೋರ್ಟಿನ ನೀಲಿ ಹೊದಿಕೆ ಕಂಡ ಕೂಡಲೇ 'ಇಂತೆರೊ' ಎಂದಳು. ಇಂತೆರೊ ಎಂದರೆ ಪೂರ್ತಿ ದರ.

ನಾನು ಇಲ್ಲಿಯೇ ವಾಸಿಸುವವಳು ಎಂದು ಪೆರ್ಮೆಸ್ಸೊ ತೆಗೆದು ತೋರಿಸಿದೆ. ಅದು ಇಟಲಿ ಸರ್ಕಾರವೇ ಕೊಟ್ಟ ವಾಸದ ಪರವಾನಗಿ. ಅದರಲ್ಲಿ ನನ್ನ ಭಾವಚಿತ್ರವಿದೆ, ನಾನು ಇಲ್ಲಿರುವುದು ಓದಲಿಕ್ಕೆ ಎಂಬುದೂ ಅಚ್ಚಾಗಿದೆ. ಆಕೆ ತಲೆಯಾಡಿಸಿ, ಹಿಂದಿನ ಸಾಲಿಗೆಲ್ಲ ಕೇಳುವಂತೆ 'ಎಕ್ಸ್‌ತ್ರಾಕೊಮುನಿತಾರಿಯಾ' ಎಂದಳು. ಯುರೋಪಿಯನ್ ಒಕ್ಕೂಟದ ಹೊರಗಿನವಳು ಎಂದು ಅದರ ಅರ್ಥ. ಕಚೇರಿಯ ಕಾಗದಗಳಲ್ಲಿ ಆ ಪದವನ್ನು ನೂರು ಸಲ ಓದಿದ್ದೇನೆ. ಗೆಳೆಯರ ನಡುವೆ ನಿಂತು, ಗಟ್ಟಿಯಾಗಿ, ನನ್ನ ಮುಖಕ್ಕೇ ಹೇಳಿಸಿಕೊಂಡದ್ದು ಅದೇ ಮೊದಲು.

ಆಕೆಯ ಮೇಲೆ ನನಗೆ ಕೋಪವಿಲ್ಲ. ಆಕೆ ಗೋಡೆಗೆ ಅಂಟಿಸಿದ ನಿಯಮವನ್ನು ಓದಿ ಹೇಳಿದಳು ಅಷ್ಟೆ. ನನ್ನ ಕೋಪವೆಲ್ಲ ಆ ನಿಯಮದ ಮೇಲೆ. ಇಟಲಿಯ ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿ 2019ರಿಂದ 18ರಿಂದ 25ರ ವಯಸ್ಸಿನವರಿಗೆ ಎರಡೇ ಯೂರೋ. ಆದರೆ ಅವರು ಯುರೋಪಿಯನ್ ಒಕ್ಕೂಟದ ಪ್ರಜೆಗಳಾಗಿರಬೇಕು. ಅವರು ಎಲ್ಲಿ ವಾಸಿಸುತ್ತಾರೆ, ಎಲ್ಲಿ ಓದುತ್ತಾರೆ, ಯಾರಿಗೆ ಶುಲ್ಕ ಕಟ್ಟುತ್ತಾರೆ ಎಂಬುದು ಯಾರಿಗೂ ಬೇಕಿಲ್ಲ. ಹುಟ್ಟಿನ ಜೊತೆಗೆ ಬಂದ ಕಾಗದ ಯಾವ ಬಣ್ಣದ್ದು ಎಂಬುದಷ್ಟೇ ಬೇಕು.

ನನಗೆ ಇಪ್ಪತ್ಮೂರು ವರ್ಷ. 2024ರ ಸೆಪ್ಟೆಂಬರಿನಲ್ಲಿ ಬಂದವಳು. ಬಂದ ಮೊದಲ ವರ್ಷದಲ್ಲಿ ಕೊಲೋಸಿಯಂಗೆ 18 ಯೂರೋ ಕೊಟ್ಟೆ, ಪೊಂಪೈಗೆ 18 ಕೊಟ್ಟೆ, ಉಫೀತ್ಸಿ ಗ್ಯಾಲರಿಗೆ 25 ಕೊಟ್ಟೆ. ಒಟ್ಟು 61. ನನ್ನ ಪಕ್ಕದಲ್ಲೇ ನಡೆದು, ನಾನು ನೋಡಿದ ಅದೇ ಗೋಡೆಗಳನ್ನು ನೋಡಿದವರು ಕೊಟ್ಟದ್ದು ಆರು. ಆ ವ್ಯತ್ಯಾಸದ ಐವತ್ತೈದು ಯೂರೋಗಳಲ್ಲಿ ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಎಲ್ಲ ಸೇರಿ ನನ್ನ ಎರಡು ವಾರದ ಅಡುಗೆ ನಡೆಯುತ್ತದೆ. ಊರಿನಲ್ಲಿ ಅಪ್ಪ ಬ್ಯಾಂಕಿಗೆ ಕಟ್ಟುತ್ತಿರುವ ಸಾಲದ ಬಡ್ಡಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಐದು ಸಾವಿರ ರೂಪಾಯಿ ಎಂಬುದು ನನಗೆ ಸಣ್ಣ ಮೊತ್ತವಾಗಿ ಕಾಣುವುದಿಲ್ಲ. ಮೂರು ಸಲ ಹಲ್ಲುಕಚ್ಚಿ ಕೊಟ್ಟೆ. ನಾಲ್ಕನೆಯ ಸಲ ಕೈ ಬರಲಿಲ್ಲ.

ಜರ್ಮನಿಯ ಹುಡುಗನಿಗೆ ನನಗಿಂತ ಹೆಚ್ಚು ಮುಜುಗರವಾಯಿತು. ಎಲ್ಲರ ಟಿಕೆಟ್ಟಿನ ಹಣ ಕೂಡಿಸಿ ನಾಲ್ಕು ಪಾಲು ಮಾಡೋಣ ಎಂದು ಪರ್ಸ್ ತೆಗೆದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ನನ್ನ ಗಂಟಲು ಕಟ್ಟಿತು. ಸರ್ಕಾರ ಮಾಡಿದ ಅನ್ಯಾಯದ ಬಾಕಿಯನ್ನು ನನ್ನ ಗೆಳೆಯರು ಜೇಬಿನಿಂದ ತೀರಿಸಬೇಕೇಕೆ? 'ನೀವು ನೋಡಿ ಬನ್ನಿ, ನಾನು ಹೊರಗಿರುತ್ತೇನೆ' ಎಂದೆ. ಎರಡೂವರೆ ಗಂಟೆ ಎದುರಿನ ಚರ್ಚಿನ ಮೆಟ್ಟಿಲ ಮೇಲೆ ಕುಳಿತು, ಚೀಲದಲ್ಲಿದ್ದ ಬ್ರೆಡ್ಡು ಬಾಳೆಹಣ್ಣು ತಿಂದೆ. ಅವರು ಹೊರಬಂದಾಗ ಒಂದು ಚಿತ್ರದ ಬಗ್ಗೆ ಜೋರಾಗಿ ಚರ್ಚೆ ಮಾಡುತ್ತಿದ್ದರು. ನನ್ನನ್ನು ಕಂಡ ತಕ್ಷಣ ಮೂವರೂ ಮಾತು ನಿಲ್ಲಿಸಿಬಿಟ್ಟರು. ಆ ಮೌನ ಟಿಕೆಟ್ಟಿನ ದರಕ್ಕಿಂತ ಹೆಚ್ಚು ಚುಚ್ಚಿತು.

ವಾರಾಂತ್ಯಕ್ಕೆ ಬೇರೆ ದೇಶಕ್ಕೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ನನ್ನ ಸಹಪಾಠಿಗಳು ಹೋಗುತ್ತಾರೆ, ಶುಕ್ರವಾರ ಸಂಜೆ ವಿಮಾನ ಹತ್ತಿ ಬಾರ್ಸಿಲೋನಾಕ್ಕೋ ಬರ್ಲಿನ್ನಿಗೋ ಹೋಗಿ ಭಾನುವಾರ ರಾತ್ರಿ ಮರಳುತ್ತಾರೆ. ನಾವು ಇಲ್ಲಿಗೆ ಬಂದಿಳಿದ ಎಂಟು ಕೆಲಸದ ದಿನಗಳೊಳಗೆ ಪೆರ್ಮೆಸ್ಸೊಗೆ ಅರ್ಜಿ ಹಾಕಬೇಕು. ಕಾರ್ಡು ಕೈಗೆ ಬರುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಅಂಚೆ ಕಚೇರಿಯವರು ಕೊಟ್ಟ ರಸೀದಿಯೇ ಆಧಾರ. ವೀಸಾದ ಅವಧಿ ಮುಗಿದ ಮೇಲೆ ಆ ರಸೀದಿ ಹಿಡಿದುಕೊಂಡು ಇಟಲಿಯಲ್ಲಿ ಇರಬಹುದೇ ಹೊರತು ಒಂದೇ ವೀಸಾ ನಡೆಯುವ ಷೆಂಗೆನ್ ವಲಯದ ಬೇರೆ ದೇಶಗಳಿಗೆ ಸುತ್ತಾಡಲು ಹೋಗುವಂತಿಲ್ಲ. ಹಾಗಾಗಿ ಕಾರ್ಡು ಕೈಗೆ ಬರುವ ತನಕ ಇಟಲಿಯ ಊರುಗಳೇ ನಮ್ಮ ವಾರಾಂತ್ಯ. ಅಲ್ಲಿಯವರೆಗೆ ದೇಶದ ಗಡಿ ದಾಟಬೇಡ ಎನ್ನುವುದೂ ಇದೇ ಸರ್ಕಾರ, ಗಡಿಯೊಳಗೆ ನೀನು ಹೊರಗಿನವಳು, ಒಂಬತ್ತು ಪಟ್ಟು ಹನ್ನೆರಡು ಪಟ್ಟು ಕೊಡು ಎನ್ನುವುದೂ ಇದೇ ಸರ್ಕಾರ.

ಹೊರಗಿನವಳಂತೆ! ಆ ಪರವಾನಗಿಗಾಗಿ ಅಂಚೆಚೀಟಿಯಂಥ ಮುದ್ರಾಂಕ, ಅಂಚೆ ಶುಲ್ಕ, ಕಾರ್ಡಿನ ಶುಲ್ಕ ಎಲ್ಲ ಸೇರಿ ನೂರು ಯೂರೋಗೂ ಹೆಚ್ಚು ಕಟ್ಟಿದ್ದೇನೆ. ಪೊಲೀಸ್ ಕಚೇರಿಯ ಸಾಲಿನಲ್ಲಿ ಬೆಳಗಿನ ಚಳಿಯಲ್ಲಿ ನಿಂತು ಹತ್ತೂ ಬೆರಳುಗಳ ಗುರುತು ಕೊಟ್ಟಿದ್ದೇನೆ. ಇಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಗೆ ನಮ್ಮಂಥ ವಿದ್ಯಾರ್ಥಿಗಳು ಕಟ್ಟಬೇಕಾದ ವಾರ್ಷಿಕ ಮೊತ್ತ ಸುಮಾರು 150 ಯೂರೋ ಇತ್ತು. 2024ರಲ್ಲಿ ಅದನ್ನು ಒಮ್ಮೆಗೇ 700 ಮಾಡಿದರು. ಒಕ್ಕೂಟದ ಹುಡುಗರು ತಮ್ಮ ದೇಶದ ಆರೋಗ್ಯ ಕಾರ್ಡ್ ತೋರಿಸಿದರೆ ಸಾಕು. ನಾನು ಕೊಳ್ಳುವ ಸಾಬೂನಿಗೂ ಪೆನ್ನಿಗೂ ಶೇಕಡ 22ರ ತೆರಿಗೆ ಹೋಗುತ್ತದೆ. ಹಣ ತೆಗೆದುಕೊಳ್ಳುವಾಗ ಯಾವ ಕಿಟಕಿಯೂ ನನ್ನನ್ನು ಹೊರಗಿನವಳೆಂದು ಹಿಂದಕ್ಕೆ ಕಳಿಸಿಲ್ಲ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ: ಈ ಕಟ್ಟಡಗಳನ್ನು ಕಾಪಾಡುವುದು ಇಟಲಿಯವರ ತೆರಿಗೆಯ ಹಣ, ಆದ್ದರಿಂದ ರಿಯಾಯಿತಿ ಅವರ ಮಕ್ಕಳಿಗೆ. ಹಾಗಾದರೆ ಆ ಜರ್ಮನಿಯ ಹುಡುಗನ ತಂದೆ ತಾಯಿ ಇಟಲಿಗೆ ಯಾವ ತೆರಿಗೆ ಕಟ್ಟಿದ್ದಾರೆ? ಅವನು ಐದು ತಿಂಗಳಿಗೆಂದು ಬಂದವನು, ಜುಲೈನಲ್ಲಿ ಮರಳುತ್ತಾನೆ. ಅವನ ಊರಿನಿಂದ ಎರಡು ದಿನಕ್ಕೆ ಸುತ್ತಾಡಲು ಬರುವ ಅವನ ತಮ್ಮನಿಗೂ ಎರಡೇ ಯೂರೋ. ಎರಡು ವರ್ಷ ಇಲ್ಲಿಯೇ ಬಾಡಿಗೆ ಕಟ್ಟಿ, ಶುಲ್ಕ ಕಟ್ಟಿ, ಪರೀಕ್ಷೆ ಬರೆದು, ಇಲ್ಲಿಯ ಭಾಷೆಯನ್ನು ತೊದಲುತ್ತ ಕಲಿಯುವ ನನಗೆ ಪೂರ್ತಿ ದರ. ಇದರಲ್ಲಿ ತೆರಿಗೆಯ ಲೆಕ್ಕ ಎಲ್ಲಿದೆ?

ಇಟಲಿಯ ಮೇಲೆ ಇದೇ ತರಹದ ತಕರಾರು ಯುರೋಪಿನ ನ್ಯಾಯಾಲಯದವರೆಗೆ ಹೋಗಿತ್ತು. ಕೆಲವು ಊರುಗಳ ವಸ್ತುಸಂಗ್ರಹಾಲಯಗಳು ವಯಸ್ಸಾದವರಿಗೆ ರಿಯಾಯಿತಿ ಕೊಡುವಾಗ ಇಟಲಿಯ ಪ್ರಜೆಗಳಿಗೆ, ಇಲ್ಲವೇ ಆ ಊರಿನ ನಿವಾಸಿಗಳಿಗೆ ಮಾತ್ರ ಕೊಡುತ್ತಿದ್ದವು. ಅದು ಭೇದಭಾವ ಎಂದು 2003ರ ಜನವರಿಯಲ್ಲಿ ತೀರ್ಪಾಯಿತು. ರಾಷ್ಟ್ರೀಯತೆ ನೋಡಿ ಬೆಲೆ ಹೇಳುವುದು ತಪ್ಪು ಎಂದು ಅವರಿಗೂ ಗೊತ್ತು ಎಂದಾಯಿತು. ಆದರೆ ಆ ತಪ್ಪು ತಪ್ಪಾಗುವುದು ಒಕ್ಕೂಟದ ಬೇಲಿಯೊಳಗಿನವರಿಗೆ ಮಾತ್ರ. ಬೇಲಿಯಾಚೆಗಿನವರ ವಿಷಯದಲ್ಲಿ ಅದೇ ಕೆಲಸ ಮಾಡಿದರೆ ಅದಕ್ಕೆ ನಿಯಮ ಎಂದು ಹೆಸರು.

ವಿದ್ಯಾರ್ಥಿ ಯಾರು ಎಂದು ಗುರುತಿಸಲು ಬರುವುದಿಲ್ಲವೇ ಎಂದರೆ ಅದೂ ಅಲ್ಲ, ಚೆನ್ನಾಗಿಯೇ ಬರುತ್ತದೆ. ನನ್ನ ಜೊತೆ ಮನೆ ಹಂಚಿಕೊಂಡಿರುವವಳು ಇರಾನಿನವಳು, ವಾಸ್ತುಶಿಲ್ಪ ಓದುತ್ತಾಳೆ. ವಾಸ್ತುಶಿಲ್ಪ, ಪರಂಪರೆಯ ಸಂರಕ್ಷಣೆ, ಕಲಾ ಇತಿಹಾಸ ಮುಂತಾದವನ್ನು ಓದುವವರು ಪ್ರವೇಶಾತಿಯ ಪತ್ರ ತೋರಿಸಿದರೆ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಉಚಿತ ಪ್ರವೇಶ. ಅವಳ ಪಾಸ್‌ಪೋರ್ಟಿನ ಬಣ್ಣ ಅಲ್ಲಿ ಲೆಕ್ಕಕ್ಕಿಲ್ಲ. ಅವಳಿಗೆ ಸಿಕ್ಕಿದ್ದು ನನಗೆ ಸಂತೋಷವೇ. ಆದರೆ ಒಂದು ತುಂಡು ಕಾಗದ ನೋಡಿ ಅವಳನ್ನು ವಿದ್ಯಾರ್ಥಿನಿ ಎಂದು ಒಪ್ಪುವ ಕಿಟಕಿಗೆ, ನನ್ನ ಕಾಗದ ಕಂಡಾಗ ಮಾತ್ರ ಕಣ್ಣು ಮಂಜಾಗುವುದೇಕೆ? ಎಂಜಿನಿಯರಿಂಗ್ ಓದುವವರಿಗೆ ಚಿತ್ರ ನೋಡುವ ಆಸೆ ಇರಬಾರದೇ?

ವೆನಿಸ್ಸನ್ನೇ ನೋಡಿ. ದಿನದ ಮಟ್ಟಿಗೆ ಬಂದು ಹೋಗುವವರಿಂದ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕ ಪಡೆಯುವುದನ್ನು 2024ರ ಏಪ್ರಿಲ್ 25ರಂದು ಶುರುಮಾಡಿದರು. ಅದನ್ನು ನಾನು ಬೇಸರವಿಲ್ಲದೆ ಕಟ್ಟುತ್ತೇನೆ. ಏಕೆಂದರೆ ಅಲ್ಲಿನ ಹಳೆಯ ನಗರದಲ್ಲಿ ಓದುವ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ, ಅವರು ಯಾವ ದೇಶದವರೇ ಆಗಿರಲಿ. ಅಲ್ಲಿ ಓದುವವನು ಅಲ್ಲಿಯವನು, ಬೊಲೊನ್ಯಾದಿಂದ ಹೋದ ನಾನು ಆ ಊರಿಗೆ ಅತಿಥಿ. ಇದರಲ್ಲಿ ನ್ಯಾಯವಿದೆ. ವ್ಯಾಟಿಕನ್‌ನ ವಸ್ತುಸಂಗ್ರಹಾಲಯದಲ್ಲೂ ರಿಯಾಯಿತಿಗೆ ವಯಸ್ಸು ಮತ್ತು ವಿದ್ಯಾರ್ಥಿಯ ಕಾರ್ಡು ಸಾಕು, ದೇಶ ಕೇಳುವುದಿಲ್ಲ. ರೈಲು ಕೂಡ ಕೇಳುವುದಿಲ್ಲ. ಬೊಲೊನ್ಯಾದಿಂದ ಫ್ಲಾರೆನ್ಸಿಗೆ ವೇಗದ ರೈಲು ಬಿಟ್ಟು, ಪ್ರಾತೊದಲ್ಲಿ ಬದಲಿಸಿಕೊಂಡು ಹೋಗುವ ಸಾದಾ ರೈಲಿನಲ್ಲಿ ನಾವು ನಾಲ್ವರೂ ಒಂದೇ ದರ ಕೊಟ್ಟು ಬಂದಿದ್ದೆವು. ಆ ದಿನ ನಾವು ಸಮಾನರಾಗಿದ್ದದ್ದು ರೈಲು ನಿಲ್ದಾಣದ ತನಕ.

ಊರಿಗೆ ಫೋನ್ ಮಾಡಿ ಅತ್ತುಕೊಂಡಾಗ ಚಿಕ್ಕಪ್ಪ ಒಂದು ಮಾತು ಹೇಳಿದರು. ನಾವು ಹೊಸಪೇಟೆಯವರು. ಚಿಕ್ಕಪ್ಪ ಹಂಪಿಯಲ್ಲಿ ಆಟೋ ಓಡಿಸುತ್ತಾರೆ. 'ನಮ್ಮಲ್ಲೂ ಹಾಗೆಯೇ ಅಲ್ಲವೇನಮ್ಮಾ? ವಿಜಯ ವಿಠ್ಠಲ ದೇವಸ್ಥಾನಕ್ಕೆ ನಮಗೆ ನಲವತ್ತು, ಫಾರಿನ್ನಿನವರಿಗೆ ಆರುನೂರು. ದಿನಾ ನೋಡುತ್ತೇನೆ' ಎಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಚಿಕ್ಕಂದಿನಲ್ಲಿ ರಜೆಯ ದಿನ ಅವರ ಆಟೋದಲ್ಲಿ ಕುಳಿತು ಹೋಗಿ, ಆ ಕಿಟಕಿಯ ಮುಂದೆ ಬೆನ್ನಿಗೆ ದೊಡ್ಡ ಚೀಲ ಹೊತ್ತ ಹುಡುಗ ಹುಡುಗಿಯರು ನೋಟು ಎಣಿಸುವುದನ್ನು ನಾನೂ ನೋಡಿದ್ದೇನೆ. ಆಗ ಏನೂ ಅನ್ನಿಸಿರಲಿಲ್ಲ.

ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಎರಡು ದಿನದ ಪ್ರವಾಸಕ್ಕೆ ಬಂದವರಿಂದ ಹೆಚ್ಚು ಪಡೆಯುವುದರ ಬಗ್ಗೆ ವಾದ ಮಾಡಬಹುದು, ನಾನು ಅದನ್ನು ಒಪ್ಪಿಯೂ ಬಿಡಬಹುದು. ನೆರೆಹೊರೆಯ ಸಾರ್ಕ್ ದೇಶಗಳವರಿಗೆ ನಾವೂ ನಮ್ಮದೇ ದರ ಹಾಕುತ್ತೇವೆ, ಒಕ್ಕೂಟದವರು ತಮ್ಮವರಿಗೆ ಹಾಕಿದಂತೆ. ಆದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಓದಲು ಬಂದು, ಕಮಲಾಪುರದಲ್ಲಿ ಕೋಣೆ ಹಿಡಿದು, ನಮ್ಮ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಕನ್ನಡದಲ್ಲಿ ಲೆಕ್ಕ ಕೇಳುವ ಒಬ್ಬ ಆಫ್ರಿಕಾದ ಹುಡುಗನಿಂದ ಆರುನೂರು ಕೇಳಿದರೆ ಅದು ತಪ್ಪು. ನಮ್ಮ ಊರಿನಲ್ಲಿ ನಡೆದರೂ ತಪ್ಪೇ. ಮರುದಿನ ಚಿಕ್ಕಪ್ಪನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದು ಸರಿ ಬಿಡು' ಎಂದರು.

ತಿಂಗಳ ಮೊದಲ ಭಾನುವಾರ ಸರ್ಕಾರಿ ವಸ್ತುಸಂಗ್ರಹಾಲಯಗಳು ಎಲ್ಲರಿಗೂ ಉಚಿತ, ಆಗ ಹೋಗು ಎಂದು ಸಲಹೆ ಕೊಡುವವರೂ ಇದ್ದಾರೆ. ಹೋಗಿದ್ದೇನೆ. ಬೆಳಗಿನ ಕತ್ತಲಲ್ಲಿ ಎದ್ದು ಮೊದಲ ರೈಲು ಹಿಡಿದು ಹೋದರೂ ಸಾಲು ಆಗಲೇ ಬೀದಿಯ ತಿರುವು ದಾಟಿರುತ್ತದೆ. ಒಳಗೆ ಹೋದ ಮೇಲೆ ಚಿತ್ರ ಕಾಣುವುದಿಲ್ಲ, ಎತ್ತಿ ಹಿಡಿದ ಮೊಬೈಲುಗಳು ಕಾಣುತ್ತವೆ. ಎಲ್ಲರಿಗೂ ಬಾಗಿಲು ತೆರೆಯುವ ಆ ದಿನದ ಬಗ್ಗೆ ನನಗೆ ಗೌರವವಿದೆ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ ವಲಸೆ ಕುಟುಂಬಗಳನ್ನು ಅಲ್ಲಿ ಕಂಡು ಕಣ್ಣು ತುಂಬಿದ್ದೂ ಉಂಟು. ಆದರೆ ನನ್ನ ಸಹಪಾಠಿಗಳಿಗೆ ತಿಂಗಳ ಎಲ್ಲ ದಿನವೂ ತೆರೆದಿರುವ ಬಾಗಿಲು ನನಗೆ ಒಂದೇ ದಿನ ಏಕೆ ತೆರೆಯಬೇಕು?

ನಾನು ಕೇಳುವುದು ಉಚಿತವಾಗಿ ಬಿಡಿ ಎಂದಲ್ಲ. ಓದಲೆಂದು ಕೊಟ್ಟ ಆ ಪೆರ್ಮೆಸ್ಸೊ ಕಾರ್ಡನ್ನು ಅದನ್ನು ಕೊಟ್ಟ ಸರ್ಕಾರವೇ ತನ್ನ ಕಿಟಕಿಯಲ್ಲಿ ನಂಬಲಿ. ಇದಕ್ಕೆ ಹೊಸ ಕಚೇರಿ ಬೇಕಿಲ್ಲ, ಹೊಸ ಕಾರ್ಡು ಬೇಕಿಲ್ಲ. ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು.

ಬರುವ ಶನಿವಾರ ಅವರು ನೇಪಲ್ಸಿಗೆ ಹೊರಟಿದ್ದಾರೆ. ನನ್ನದೂ ಸೇರಿಸಿ ನಾಲ್ಕು ರೈಲು ಟಿಕೆಟ್ ತೆಗೆದಾಗಿದೆ. ನಿನ್ನೆ ರಾತ್ರಿ ಸ್ಪೇನಿನವಳು ವಸ್ತುಸಂಗ್ರಹಾಲಯದ ಟಿಕೆಟ್ಟುಗಳನ್ನು ಮುಂಗಡವಾಗಿ ತೆಗೆಯಲು ಕುಳಿತಿದ್ದಳು. ಪರದೆಯ ಮೇಲೆ ಎರಡು ಸಾಲುಗಳು: ಒಂದು ರಿಯಾಯಿತಿಯದು, ಇನ್ನೊಂದು ಪೂರ್ತಿ ದರದ್ದು. ಮೊದಲ ಸಾಲಿನಲ್ಲಿ ಮೂರು ಎಂದು ಒತ್ತಿದಳು. ಎರಡನೆಯ ಸಾಲಿನ ಮೇಲೆ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಇನ್ನೂ ಉತ್ತರ ಕೊಟ್ಟಿಲ್ಲ.